ಹುಲಗಪ್ಪನ ಎರಡನೇ ಸಾವು

ಹುಲಗಪ್ಪ ಎರಡನೇ ಸಲ ಸತ್ತದ್ದು ಗುರುವಾರ ಬೆಳಿಗ್ಗೆ ಹತ್ತೂಕಾಲಿಗೆ, ದೇವದುರ್ಗದಲ್ಲಿ, ಉದಯಕುಮಾರನ ಝೆರಾಕ್ಸ್ ಅಂಗಡಿಯೊಳಗೆ. ಮೊದಲನೇ ಸಲ ಸತ್ತು ಅಂದಿಗೆ ಹನ್ನೊಂದು ದಿನವಾಗಿತ್ತು.

ಯರಗೇರಾದಲ್ಲಿ ಎರಡು ದಿನದ ಪಾಡ್‌ಕಾಸ್ಟ್ ತರಬೇತಿ ಮುಗಿಸಿ ಬಂದ ಉದಯಕುಮಾರ, ತಾಲ್ಲೂಕಿನ ಮುದುಕರ ಮಾತುಗಳನ್ನು ರೆಕಾರ್ಡ್ ಮಾಡಿ ಹೆಸರು ಮಾಡಬೇಕೆಂದು ಹೊರಟವನು. ಮೊದಲು ಸಿಕ್ಕವನೇ ಹೊಳೆದಂಡೆಯ ಗೂಗಲ್ ಎಂಬ ಹಳ್ಳಿಯ ಹುಲಗಪ್ಪ, ಕೃಷ್ಣೆಯಲ್ಲಿ ಐವತ್ತು ವರ್ಷ ಹರಿಗೋಲು ಹಾಕಿದವನು. ಅಂಗಳದಲ್ಲಿ ಕೂತು ನಲವತ್ತು ನಿಮಿಷ ಮಾತಾಡಿದ ಮುದುಕ ಮರುವಾರವೇ ಮಲಗಿದಲ್ಲಿ ಹೋಗಿಬಿಟ್ಟ. ಹೆಂಡತಿ ಬಸವಂತಮ್ಮ ಫೋನ್ ಮಾಡಿಸಿದ್ದಳು: "ಹನ್ನೊಂದನೇ ದಿನ ಮಂದಿ ಊಟಕ್ಕ ಬರ್ತಾರ ತಮ್ಮಾ. ಪಟದ ಮುಂದ ಅವರ ದನಿ ಕೇಳಸು."

ರೆಕಾರ್ಡಿಂಗಿನ ತುಂಬ ಪಕ್ಕದ ಹಿಟ್ಟಿನ ಗಿರಣಿಯ ಗೊರಗೊರ. ಅದನ್ನು ತೆಗೆಯುವ ವಿದ್ಯೆಯನ್ನು ಉದಯಕುಮಾರ ಕಲಿತಿದ್ದ. ಬರೀ ಗದ್ದಲವಿರುವ ಎರಡು ಸೆಕೆಂಡನ್ನು ಆರಿಸಿ "ಇದೇ ಗದ್ದಲ" ಎಂದು ಕಂಪ್ಯೂಟರಿಗೆ ತೋರಿಸಬೇಕು. ಅಂಥದ್ದು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಅದು ಒರೆಸಿಹಾಕುತ್ತದೆ. ಆರಿಸುವ ಹೊತ್ತಿಗೆ ಸರಿಯಾಗಿ ಗಿರಾಕಿಯೊಬ್ಬ ಮುಖದ ಮುಂದೆ ಆಧಾರ್ ಕಾರ್ಡ್ ಹಿಡಿದ. "ಎರಡೂ ಕಡಿ ಒಂದೇ ಹಾಳ್ಯಾಗ ಬರಬೇಕ್ರಿ."

ಮೌಸ್ ಜಾರಿ ಮುದುಕನ ಮಾತಿನ ಮೇಲೆ ನಿಂತಿತು. ಗದ್ದಲವೆಂದರೆ ಹುಲಗಪ್ಪನೇ ಎಂದು ತಿಳಿದ ಕಂಪ್ಯೂಟರ್, ಹೊಸದಾಗಿ ಕೆಲಸಕ್ಕೆ ಸೇರಿದ ಜವಾನನಂತೆ ಎದುರಾಡದೆ ಕೆಲಸ ಮುಗಿಸಿತು. ಹಳೆಯದರ ಮೇಲೆಯೇ ಉಳಿಸಲೇ ಎಂದು ಕೇಳಿತು. ಉದಯಕುಮಾರ ಕಾರ್ಡನ್ನು ತಿರುವಿ ಹಾಕುತ್ತ ಹೂಂ ಎಂದು ಒತ್ತಿ, ಮುಚ್ಚಿಬಿಟ್ಟ.

ಆಮೇಲೆ ಹಚ್ಚಿ ಕೇಳಿದರೆ ಗಿರಣಿ ಇತ್ತು. ಅಂಗಳದ ಆಡು ಇತ್ತು. ಹುಲಗಪ್ಪ ಮಾತ್ರ ನೀರಿನಡಿಯಿಂದ ಗುಳುಗುಳು ಎನ್ನುತ್ತಿದ್ದ. ಐವತ್ತು ವರ್ಷ ಹೊಳೆಯಲ್ಲಿ ಮುಳುಗದವನನ್ನು ಝೆರಾಕ್ಸ್ ಅಂಗಡಿಯಲ್ಲಿ ಮುಳುಗಿಸಿದ್ದಾಗಿತ್ತು.

ಪಕ್ಕದ ಮೊಬೈಲ್ ಅಂಗಡಿಯ ಅಂಬರೀಶ ಓಡಿಬಂದ. "ಅಸಲಿದು ಫೋನಿನ್ಯಾಗ ಇರ್ತದಲ್ಲೋ?"

"ನಿನ್ನೆ ಜಾಗ ಇಲ್ಲಂತ ನೀನಽ ಅಳಿಸಿದೆಲ್ಲಲೇ!"

"ಹೌದು. ಫೋನ್ ಎಷ್ಟು ಫಾಸ್ಟ್ ಆಗ್ಯದ ನೋಡು."

ಅರ್ಧ ತಾಸಿನಲ್ಲಿ ಸಾಲಂಗಡಿಗೆಲ್ಲ ಸುದ್ದಿ ಮುಟ್ಟಿತು. ಎದುರಿನ ಟೇಲರ್ ಗುಲ್ನಾಜ್ ಟೇಪು ಕೊರಳಲ್ಲಿ ಹಾಕಿಕೊಂಡೇ ಬಂದಳು. "ಹಂಗಽ ಕೇಳಸ್ರಿ. ಸ್ವರ್ಗದಾಗಿಂದ ಮಾತಾಡಾಕತ್ತಾನ ಅನ್ರಿ. ಯಾರು ಹೋಗಿ ನೋಡ್ಯಾರ?"

ಕೊನೆಗೆ ಬಂದವನು ಸೈಕಲ್ ಅಂಗಡಿಯ ಸತ್ತಾರ್ ಸಾಬ್, ಹುಲಗಪ್ಪನ ಜೀವದ ಗೆಳೆಯ. ಬಾಗಿಲಲ್ಲಿ ನಿಂತು ಗುಳುಗುಳು ಕೇಳಿದ. ಇದ್ದಕ್ಕಿದ್ದಂತೆ ಅಬ್ಬರಿಸಿದ: "ಲೇ ಮಂಗ್ಯಾ, ಹೊಳಿ ತುಂಬಿ ಬಂದದ, ಹಿಂದಕ ಸರೀಲೇ!"

ಸತ್ತವನ ದನಿ! ಅಂಬರೀಶನ ಕೈಯಿಂದ ಚಹಾ ಚೆಲ್ಲಿತು.

"ನಲವತ್ತು ವರ್ಷ ಅವನ ಮುಂದಽ ಅವನ ನಕಲಿ ಮಾಡೀನಿ," ಎಂದ ಸತ್ತಾರ್ ಸಾಬ್ ಕಣ್ಣೊರೆಸಿಕೊಳ್ಳುತ್ತ.

ಉದಯಕುಮಾರ ಶಟರ್ ಎಳೆದ. ದನಿ ಗೋಡೆಗೆ ಬಡಿದು ಗುಂಯ್ ಎನ್ನಬಾರದೆಂದು ಸತ್ತಾರ್ ಸಾಬನಿಗೆ ಕಂಬಳಿ ಹೊದಿಸಿ, ಒಳಗೆ ಮೈಕು ಹಿಡಿದ. ಹೊರಗೆ ಏಪ್ರಿಲ್ ಬಿಸಿಲು.

"ನಾ ಇದರಾಗ ಸತ್ತರ ನನ್ನ ದನಿ ಯಾರು ತೆಗೀತಾರಪಾ?"

"ನಾಕೇ ನಿಮಿಷ, ಚಾಚಾ."

ಪ್ರವಾಹ, ಹರಿಗೋಲು, ಹೆದರಿದ ಪ್ರಯಾಣಿಕರು, ಎಲ್ಲ ಬಂತು. ಕೊನೆಗೆ ಸತ್ತಾರ್ ಸಾಬ್ ದುಃಖದ ಭರದಲ್ಲಿ ತನ್ನದೇ ಒಂದು ಮಾತು ಸೇರಿಸಿದ: "ಬಸವಂತೀ, ನನ್ನ ಕಟಗೊಂಡು ಭಾಳ ಕಷ್ಟಪಟ್ಟಿ." ಕತ್ತರಿಸಲು ಹೋದ ಉದಯಕುಮಾರ, ಚೆನ್ನಾಗಿದೆ ಎನ್ನಿಸಿ ಬಿಟ್ಟ. ಹಳೆಯ ರೆಕಾರ್ಡಿಂಗಿನ ಆಡನ್ನು ತೆಗೆದು ಅದರಡಿಗೆ ಜೋಡಿಸಿದ.

ಸಂಜೆ ಗೂಗಲ್‌ನಲ್ಲಿ ಹಾರ ಹಾಕಿದ ಪಟದ ಪಕ್ಕದ ಸ್ಪೀಕರಿನಿಂದ ಹುಲಗಪ್ಪ ಮಾತಾಡಿದ. ಉಂಡು ಕೈತೊಳೆದವರು ನಿಂತಲ್ಲೇ ಅತ್ತರು. ಹುಟ್ಟು ಹಾಕಿ ಹಾಕಿ ತೊಲೆಯಂಥ ತೋಳು ಬೆಳೆಸಿದ್ದ ನಾಲ್ವರು ಮಕ್ಕಳೂ ಬಿಕ್ಕಿದರು. ಬಸವಂತಮ್ಮ ಮಾತ್ರ ರೆಪ್ಪೆ ಬಡಿಯದೆ ಕೂತಿದ್ದಳು. ಮುಗಿದ ಮೇಲೆ ಉದಯಕುಮಾರನನ್ನು ಹಿತ್ತಿಲಿಗೆ ಕರೆದಳು.

"ಯಾರ ದನಿ ಅದು?"

"ಯವ್ವಾ..."

"ಸತ್ತಾರಣ್ಣಂದು. ಆಡು ಮಾತ್ರ ನಮ್ಮದು."

ಉದಯಕುಮಾರ ಕಾಲಿಗೆ ಬಿದ್ದ. ನಡೆದದ್ದೆಲ್ಲ ಒದರಿದ. "ತಪ್ಪಾತು ಯವ್ವಾ. ಈಗಿಂದೀಗ ಅಳಿಸಿಬಿಡ್ತೀನಿ."

"ಕೈ ಹಚ್ಚೀಯಂದ್ರ ನೋಡು." ಮುದುಕಿ ಒಗೆಯುವ ಕಲ್ಲಿನ ಮೇಲೆ ಕೂತಳು. "ಐವತ್ತು ವರ್ಷ ಬಾಳೇವು ಮಾಡೀನಿ. ಅಂವ ಒಂದು ದಿನಾನೂ ನನ್ನ ಹೆಸರು ಹಿಡದು ಕರೀಲಿಲ್ಲ. ಏ ಅಂತಿದ್ದ, ಇಲ್ಲಾ ಚರಿಗಿ ಒಗೀತಿದ್ದ. ಇವತ್ತ ಕರದ. ಪೆನ್ನು ಅದ ಏನು? ಬರಕೋ."

"ಏನು ಬರಕೋಬೇಕ್ರಿ?"

"ನಮ್ಮವ್ವ ಸತ್ತಾಗ ನನ್ನ ಮಣ್ಣಿಗೆ ಕಳಸಲಿಲ್ಲ. ಅದಕ್ಕ ತಪ್ಪಾತು ಅನ್ನಬೇಕು, ಅದಽ ದನ್ಯಾಗ. ಬಸುರಿದ್ದಾಗ ತುಂಬಿದ ಹೊಳ್ಯಾಗ ಹುಟ್ಟು ಹಾಕಿಸಿದ, ಕೂಸು ಹೋತು. ಅದನ್ನ ಸಾವಕಾಶ ಹೇಳಬೇಕು, ಗಡಬಡಿ ಮಾಡಬಾರದು. ಇನ್ನೂ ಭಾಳ ಅದಾವ. ಗುರುವಾರಕ್ಕೊಂದು ಮಾಡ್ಕೊಂಡು ಬಾ."

"ಯವ್ವಾ, ನನ್ನ ಅಂಗಡಿ..."

"ಒಳಗ ನನ್ನ ಮಕ್ಕಳು ಅಳಾಕತ್ತಾರ. ಯಾರ ದನಿಗೆ ಅತ್ತಾರಂತ ಹೇಳ್ಲೇನು?"

ಉದಯಕುಮಾರ ಪೆನ್ನು ತೆಗೆದ. ಊಟಕ್ಕೆ ಬಂದಿದ್ದು, ಈಗ ಗೋಡೆಯ ಬದಿಯಿಂದ ಮೆಲ್ಲಗೆ ಬಸ್ಸಿನ ಕಡೆ ಜಾರುತ್ತಿದ್ದ ಸತ್ತಾರ್ ಸಾಬನನ್ನೂ ಅವಳು ಕರೆದು ಎದುರಿಗೆ ಕೂಡಿಸಿಕೊಂಡಳು.

"ಕೂಸಿಂದು ಹೇಳುವಾಗ ಅಂವ ಅಳಬೇಕು," ಎಂದಳು ಬಸವಂತಮ್ಮ. "ಅಳು ಬರಲಿಲ್ಲಂದ್ರ, ಬರೋತನಾ ಕಂಬಳ್ಯಾಗ ಕೂಡಸು."