ಬನಿಯನ್ನಿನಲ್ಲಿ ಸುತ್ತಿಟ್ಟ ಫೋನು

ಹನ್ನೆರಡು ವರ್ಷ ಸಂಸಾರ ಮಾಡಿದ ಗಂಡನನ್ನು ಹೇಗೋ ನಂಬಬಹುದು. ಆತ ಹಳೆಯ ಬನಿಯನ್ನಿನಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಇಟ್ಟ ಫೋನನ್ನು ಮಾತ್ರ ನಂಬಬಾರದು.

ಮಾನ್ವಿಯ ನಮ್ಮ ಶಾಲೆಯಲ್ಲಿ ಇ-ತ್ಯಾಜ್ಯ ಸಂಗ್ರಹ ನಡೆದಿತ್ತು. ರಿಪೇರಿಯಾಗುವಂಥದ್ದು ರಿಪೇರಿಗೆ, ಉಳಿದದ್ದು ರಾಯಚೂರಿನಿಂದ ಬರುವ ಮರುಬಳಕೆಯ ಗಾಡಿಗೆ. ಅಭಿಯಾನದ ಮಹಾಸಂಚಾಲಕಿ ನಾನೇ (ಬೇರೆ ಯಾವ ಟೀಚರೂ ಒಪ್ಪಲಿಲ್ಲ). ಚಲೋ ಇರುವ ಫೋನು ಬಿಟ್ಟು ಹೊಸದು ಕೊಳ್ಳಬೇಡಿರೆಂದು ಇಡೀ ಓಣಿಗೆ ಉಪದೇಶ ಮಾಡಿದ ಮೇಲೆ ನಮ್ಮ ಮನೆಯಿಂದ ಒಂದಾದರೂ ಕೊಡಬೇಡವೇ?

“ಆ ಹಳೇ ಫೋನ್ ಕೊಡ್ರಿ.”

“ಅದು ಬ್ಯಾಡ,” ಎಂದರು ನಮ್ಮ ಮನೆಯವರು, ಪೇಪರಿನಿಂದ ಮುಖ ಎತ್ತದೆ.

“ಯಾಕ? ಏನದ ಅದ್ರಾಗ?”

“ಏನೋ ಅದ, ಬಿಡು.”

ದೇವದುರ್ಗದ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದು, ಉಪ್ಪಿನ ಪಾಕೀಟಿಗೂ ರಸೀದಿ ಕೇಳುವ ಮನುಷ್ಯನ ಬಾಯಲ್ಲಿ ‘ಏನೋ’. ಅವರ ಕಚೇರಿಗೆ ಹೋದ ವರ್ಷ ಮಲ್ಲಿಕಾ ಎಂಬಾಕೆ ವರ್ಗವಾಗಿ ಬಂದಿದ್ದಾಳೆ. ಇವರು ಹೊಸ ಫೋನು ತಂದದ್ದೂ ಹೋದ ವರ್ಷವೇ.

ಮರುದಿನ ಅವರು ಬಸ್ಸು ಹತ್ತಿದ್ದೇ ತಡ, ಫೋನು ತೆಗೆದುಕೊಂಡು ಅಮೀರ್ ಸಾಬರ ರಿಪೇರಿ ಅಂಗಡಿಗೆ ಓಡಿದೆ. ಪಕ್ಕದ ಮನೆಯ ಮಹಾಂತಮ್ಮ ಮಿಕ್ಸರ್ ತಂದುಕೊಂಡು ಅಲ್ಲೇ ಕುಳಿತಿದ್ದಳು.

“ಫೋನಿಗೆ ಏನೂ ಆಗಿಲ್ಲ ಟೀಚರಮ್ಮ, ಬ್ಯಾಟರಿ ಸತ್ತದ,” ಎಂದು ಸಾಬರು ಯಾವುದೋ ಒಡೆದ ಫೋನಿನ ಬ್ಯಾಟರಿ ತೆಗೆದು ಇದಕ್ಕೆ ಹಾಕಿದರು. “ಫೋಟೋ ಒಂದೂ ಇಲ್ರಿ. ಬರೀ ಕಾಲ್ ರೆಕಾರ್ಡಿಂಗ್, ಸಾವಿರಾರು ಅದಾವ. ಎಲ್ಲಾ ‘ಮೇಡಂ’ ಅಂತ ಒಬ್ಬಾಕಿ ಹೆಣ್ಮಗಳ ಕೂಡ ಮಾತಾಡಿದ್ದು.”

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿದೆ.

“ಜೋರಾಗಿ ಹಚ್ಚರಿ,” ಎಂದೆ. “ಮಹಾಂತಮ್ಮ ಸಾಕ್ಷಿಗಿರ್ಲಿ.” ಸಾಬರು ಮೊದಲನೆಯದನ್ನು ಹಚ್ಚಿದರು.

“ಬದ್ನಿಕಾಯಿ ತಂದೀರೋ, ಹುಳದ ಮನಿ ತಂದೀರೋ? ನಿಮ್ಮಕ್ಕ ನಾಳೆ ಬರ್ತಾಳ ಅಂತ ಈಗ ಹೇಳ್ತೀರಿ? ಆಕಿ ಕುಂತ್ರ ಎಂಟು ದಿನ ಏಳೂದಿಲ್ಲ…”

ಧ್ವನಿ ನನ್ನದು. ಸಾಬರು ಗಾಬರಿಯಲ್ಲಿ ಎಲ್ಲೆಲ್ಲೋ ಒತ್ತಿದರು, ಮುಂದಿನದು ಶುರುವಾಯಿತು. ಅದರಲ್ಲಿ ಮಹಾಂತಮ್ಮನ ಮನೆಯ ಸಾರಿನ ವಿಚಾರ ಸವಿಸ್ತಾರವಾಗಿತ್ತು. ಆಕೆ ಪೂರ್ತಿ ಕೇಳಿ, ರಿಪೇರಿಯಾಗದ ಮಿಕ್ಸರನ್ನು ಎತ್ತಿಕೊಂಡು ಎದ್ದು ಹೋದಳು.

ಸಂಜೆ ಇವರು ಚಪ್ಪಲಿ ಬಿಡುವುದರೊಳಗೇ ಹಿಡಿದುಕೊಂಡೆ.

“ಹೆಂಡ್ತಿ ಮಾತು ರೆಕಾರ್ಡ್ ಮಾಡ್ತೀರಲ್ಲ, ನಾಚಿಕಿ ಆಗೂದಿಲ್ಲ?”

“ನೀ ಅಂದಿದ್ದು ನೀನ ಒಪ್ಪೂದಿಲ್ಲ. ದಾಖಲಿ ಬೇಕಲ್ಲ.”

“ಮತ್ತ, ಚಲೋ ಇದ್ದ ಫೋನ್ ಬಿಟ್ಟು ಹೊಸಾದು ಯಾಕ ತಂದ್ರಿ?” ಇದು ನನ್ನ ಕೊನೆಯ ಬಾಣ.

“ಅದ್ರಾಗ ಜಾಗ ತುಂಬಿತ್ತು,” ಎಂದು ಕಿಸೆಯಿಂದ ಹೊಸ ಫೋನು ತೆಗೆದು ನೋಡಿದರು. “ಇದೂ ತುಂಬಾಕ ಬಂದದ.”