ತಿಪ್ಪನೆಂಬ ಹಾವಿನ ಮರಿ

ನಡೆದದ್ದು ಇಷ್ಟೇ: ಹಾವಿನ ಮರಿಗೆ ಹುಟ್ಟಿನಿಂದಲೇ ರೋಗವಿತ್ತು, ಗೊತ್ತಿದ್ದೂ ಅಳಿಯ ಅದನ್ನು ಮಾರಿದರು, ಅದು ಸತ್ತಿತು. ಮಗಳು ಇದಕ್ಕೆ 'ಅನ್‌ಫಾರ್ಚುನೇಟ್' ಅನ್ನುತ್ತಾಳೆ. ಅಳಿಯ 'ನೇಚರ್' ಅನ್ನುತ್ತಾರೆ. ನಾನು ಓದಿದ್ದು ಮೂರನೆಯ ಇಯತ್ತೆಯವರೆಗೆ, ಅಂಥ ಶಬ್ದಗಳು ನನಗೆ ಬರುವುದಿಲ್ಲ, ಸತ್ತಿತು ಅನ್ನುತ್ತೇನೆ. ಅಳಿಯನಿಗೆ ಬಹುವಚನ ಯಾಕೆ ಅಂತ ಕೇಳಬೇಡಿ. ನಮ್ಮ ಬಾಗಲಕೋಟೆ ಕಡೆ ಅಳಿಯನನ್ನು ಬೈಯುವುದಿದ್ದರೂ ಬಹುವಚನದಲ್ಲೇ ಬೈಯಬೇಕು. 'ನಿಮಗ ಬುದ್ಧಿ ಅದ ಏನ್ರಿ' ಅನ್ನುವಷ್ಟರಲ್ಲಿ ಅರ್ಧ ಸಿಟ್ಟು ಆ 'ರಿ'ಯೊಳಗೇ ಇಳಿದುಹೋಗುತ್ತದೆ. ಈ ರೂಢಿ ಮಾಡಿದವನೂ ಯಾರದೋ ಅಳಿಯನೇ ಇರಬೇಕು.

ಅಳಿಯ ಹರೀಶ ಮೈಸೂರಿನವರು. ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್‌ನಲ್ಲಿ ಬಣ್ಣದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು. ಗೋಡೆಗೆ ಬಳಿಯುವ ಬಿಳಿ ಬಣ್ಣ ಅಲ್ಲಿ ಬರೀ ಬಿಳಿ ಅಲ್ಲವಂತೆ, ಒಂದಕ್ಕೆ ಮೊಟ್ಟೆಯ ಸಿಪ್ಪೆ ಅಂತ ಹೆಸರು, ಇನ್ನೊಂದಕ್ಕೆ ಮುಂಜಾನೆಯ ಮಂಜು. ಡಬ್ಬಿ ಬೇರೆ, ಹೆಸರು ಬೇರೆ, ಗೋಡೆ ಮಾತ್ರ ಬಿಳಿ. ಅಂಗಡಿ ಮುಚ್ಚಿತು, ಹೆಸರಿಡುವ ವಿದ್ಯೆ ಇವರ ಹತ್ತಿರ ಉಳಿಯಿತು. ಮೊದಲಿನಿಂದ ಹವ್ಯಾಸಕ್ಕೆ ಸಾಕಿದ್ದ ಕಾರ್ನ್ ಸ್ನೇಕ್ ಎಂಬ ಅಮೆರಿಕದ ಹಾವುಗಳನ್ನು ಮರಿ ಮಾಡಿಸಿ ಮಾರುವುದೇ ಉದ್ಯೋಗವಾಯಿತು. ಈ ಹಾವಿಗೆ ವಿಷವಿಲ್ಲ. ಹೊಟ್ಟೆಯ ಮೇಲೆ ಗೋವಿನಜೋಳದ ತೆನೆಯ ಹಾಗೆ ಚೌಕಳಿ ಇರುತ್ತದೆ. ಮಹಡಿಯ ಸಣ್ಣ ಕೋಣೆಯಲ್ಲಿ ಪ್ಲಾಸ್ಟಿಕ್ ಡಬ್ಬಿಗಳ ಸಾಲು, ಡಬ್ಬಿಯ ಕೆಳಗೆ ಬಿಸಿ ಹಾಸು. ನನ್ನ ಮಂಚಕ್ಕೆ ಅಂಥದ್ದೊಂದು ಹಾಸು ಕೇಳಿದ್ದೆ, ಕರೆಂಟಿನ ಬಿಲ್ಲು ಜಾಸ್ತಿ ಅಂದರು. ಫ್ರೀಜರಿನಲ್ಲಿ ಮೇಲಿನ ಖಾನೆಗೆ ಮೆಂತ್ಯದ ಸೊಪ್ಪು, ಬಟಾಣಿ, ಕೆಳಗಿನದಕ್ಕೆ ಹಾವಿಗೆ ಹಾಕುವ ಇಲಿಮರಿ. ಎರಡೂ ಗಟ್ಟಿಯಾಗಿ, ಮಂಜು ಹಿಡಿದು, ಒಂದೇ ಥರದ ಚೀಲದಲ್ಲಿ. ಕನ್ನಡಕವಿಲ್ಲದೆ ನಾನು ಅಡುಗೆ ಮಾಡುವುದನ್ನು ಬಿಟ್ಟದ್ದು ಹೀಗೆ.

"ಅತ್ತೆ, ಬರೀ ಹಾವು ಅಂದ್ರೆ ಯಾರೂ ತಗೊಳಲ್ಲ. ಮೈ ಮೇಲಿನ ಪ್ಯಾಟರ್ನ್‌ಗೆ ಒಂದು ಹೆಸರಿರಬೇಕು," ಅನ್ನುತ್ತಿದ್ದರು. ಬಿಳಿಚಿಕೊಂಡದ್ದು ಹಿಮ, ಬೂದಿಯಾದದ್ದು ದೆವ್ವ, ಹಳದಿಯಾದದ್ದು ಬೆಣ್ಣೆ, ಎಲ್ಲ ಇಂಗ್ಲಿಷಿನಲ್ಲಿ. ಒಂದು ದಿನ ಕೆಂಪು ಮೈಯ ಎರಡೂ ಬದಿಗೆ ಉದ್ದ ಗೆರೆ ಇದ್ದ ಹಾವನ್ನು ತಂದು ನನ್ನ ಮುಂದೆ ಹಿಡಿದರು. "ಇಳಕಲ್ ಸೀರಿ ದಡಿ ಇದ್ದಂಗದ," ಅಂದೆ. ಅಂದದ್ದೇ ತಪ್ಪಾಯಿತು. ಆ ಸಂಜೆಯೇ ಅದು ಇಂಟರ್ನೆಟ್ಟಿನಲ್ಲಿ 'ರಾಯಲ್ ಇಳಕಲ್' ಆಯಿತು. ಯಾವನೋ ಮ್ಯಾಂಚೆಸ್ಟರಿನವನು ಕಾರು ತಂದು ಒಯ್ದ. ನನ್ನ ಮದುವೆಯಲ್ಲಿ ಉಟ್ಟ ಸೀರೆ ಇಷ್ಟು ಬೇಗ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಾಗರ ಪಂಚಮಿಯ ದಿನ ನನ್ನ ಮಗಳು ಸುಜಾತಾ, ಆಸ್ಪತ್ರೆಯ ನರ್ಸು, ನೈಟ್ ಡ್ಯೂಟಿ ಮುಗಿಸಿ ಬಂದವಳು, ಹಾಲಿನ ಲೋಟ ಹಿಡಿದು ಮೆಟ್ಟಿಲು ಹತ್ತಿದಳು. "ಹಾಲು ಕೊಟ್ರೆ ಹೊಟ್ಟೆ ಕೆಡುತ್ತೆ ಕಣೆ," ಅಂತ ಗಂಡ ಕೆಳಗಿಳಿಸಿದರು. ಹಾಗಾಗಿ ನಮ್ಮ ಮನೆಯಲ್ಲಿ ಪಂಚಮಿಗೆ ನಾಗಪ್ಪ ಇಲಿ ತಿಂದ, ನಾವು ಎಳ್ಳಿನ ಉಂಡೆ ತಿಂದೆವು.

ಆ ವರ್ಷದ ಮರಿಗಳಲ್ಲಿ ಒಂದು ನೆಟ್ಟಗಿರಲಿಲ್ಲ. ತಲೆ ಸೆಟೆದು ಮೇಲಕ್ಕೆ ನೋಡುತ್ತಿತ್ತು. ಹರಿಯಲು ಹೋದರೆ ಸುರುಳಿ ತಿರುಗಿ ಬೆನ್ನ ಮೇಲೆ ಬೀಳುತ್ತಿತ್ತು. ಇದಕ್ಕೆ 'ಸ್ಟಾರ್‌ಗೇಜರ್' ಅನ್ನುತ್ತಾರಂತೆ, ನಕ್ಷತ್ರ ನೋಡುವುದು ಅಂತ. ನಕ್ಷತ್ರ ಎಲ್ಲಿಂದ ಬರಬೇಕು, ಅಲ್ಲಿದ್ದದ್ದು ಟ್ಯೂಬ್‌ಲೈಟು. ಯಾಕೆ ಹೀಗೆ ಅಂತ ಕೇಳಿದೆ.

"ರಕ್ತದಲ್ಲಿ ಬರುತ್ತೆ ಅತ್ತೆ. ಅಪ್ಪ ಅಮ್ಮ ನೋಡೋಕೆ ಚೆನ್ನಾಗೇ ಇರ್ತಾವೆ, ಒಳಗಡೆ ಅಡಗಿರುತ್ತೆ. ಬಣ್ಣ ಗಟ್ಟಿ ಆಗ್ಲಿ ಅಂತ ಒಂದೇ ಮನೆತನದಲ್ಲಿ ಕೂಡಿಸಿದೆ. ಕೆಲವು ಮರಿಗೆ ಹೀಗಾಗುತ್ತೆ."

ನಾನು ಮೆಟ್ಟಿಲ ಮೇಲೆ ಕುಳಿತೆ. ನಮ್ಮವ್ವನನ್ನು ಅವಳ ಸೋದರಮಾವನಿಗೇ ಕೊಟ್ಟಿದ್ದರು. ಬಣ್ಣಕ್ಕಲ್ಲ, ಹೊಲ ಹೊರಗೆ ಹೋಗಬಾರದು ಅಂತ. ನನಗಿಂತ ಮೊದಲು ಹುಟ್ಟಿದವು ಒಂದೂ ತೊಟ್ಟಿಲು ದಾಟಲಿಲ್ಲ. ನಾನು ಹುಟ್ಟಿದಾಗ ನನ್ನನ್ನು ತಿಪ್ಪೆಯ ಮೇಲೆ ಹೊರಳಾಡಿಸಿ, ಪಕ್ಕದ ಮನೆಯವಳಿಗೆ ಒಂದು ಮೊರ ತೌಡಿಗೆ ಮಾರಿ, ಮತ್ತೆ ಕೊಂಡುಕೊಂಡು, ತಿಪ್ಪವ್ವ ಅಂತ ಕರೆದರು. ಕೆಟ್ಟ ಹೆಸರು ಕೇಳಿ ಯಮ ಮೂಗು ಮುಚ್ಚಿಕೊಂಡು ಮುಂದಿನ ಮನೆಗೆ ಹೋಗಲಿ ಅಂತ ಲೆಕ್ಕ. ನಾನು ಉಳಿದೆ. ಹೆಸರಿನಿಂದ ಉಳಿದೆ ಅಂತ ಎಪ್ಪತ್ತು ದಾಟಿದರೂ ನಂಬಿದ್ದೆ. ರಕ್ತದ ಮಾತು ಯಾರೂ ಹೇಳಿರಲಿಲ್ಲ, ಹಾವಿನ ಕೋಣೆಯ ಮುಂದೆ ಕೂತು ಕೇಳಬೇಕಾಯಿತು. ಇಲ್ಲಿನ ಜಿಪಿ, ಅಂದರೆ ಬಡಾವಣೆಯ ಡಾಕ್ಟರ ಹತ್ತಿರ ಹೋದಾಗ ಮೇಜಿನ ಹಿಂದೆ ಕೂತ ಹೆಂಗಸು ನನ್ನ ಹೆಸರು ನೋಡಿ, "ಲವ್ಲಿ, ಏನು ಅರ್ಥ?" ಅಂತ ಇಂಗ್ಲಿಷಿನಲ್ಲಿ ಕೇಳಿದ್ದಳು. ಮಗಳು ಕಣ್ಣು ಮಿಟುಕಿಸದೆ "ಒಂಥರಾ ಹೂವು" ಅಂದಳು. ಅಂದಿನಿಂದ ಈ ಊರಿನಲ್ಲಿ ನಾನು ಹೂವು.

ಹಳೆಯ ನಂಬಿಕೆ ಒಂದೇ ದಿನಕ್ಕೆ ಹೋಗುವುದಿಲ್ಲ. ಮರಿಯ ಡಬ್ಬಿಯ ಮುಂದೆ ನಿಂತು "ತಿಪ್ಪ" ಅಂದೆ. ಉಳಿದರೆ ಉಳಿಯಲಿ, ಇಲ್ಲವಾದರೆ ಈ ಹೆಸರು ಕೇಳಿ ಯಾರೂ ಕೊಳ್ಳದೆಯಾದರೂ ಇರಲಿ. ಅಳಿಯ ಹಿಂದೆ ನಿಂತು ಕೇಳಿಸಿಕೊಂಡಿದ್ದರು. ಕರ್ನಾಟಕದಿಂದ ಓದಲು ಬಂದ ಹುಡುಗ ಹುಡುಗಿಯರದ್ದೊಂದು ವಾಟ್ಸಾಪ್ ಗುಂಪಿದೆ. ಅದರಲ್ಲಿ 'ತಿಪ್ಪ, ನಕ್ಷತ್ರ ನೋಡುವ ಹಾವು' ಅಂತ ಫೋಟೋ ಹಾಕಿಬಿಟ್ಟರು.

ಬಂದವಳು ನಿಲೋಫರ್. ವಿಜಯಪುರದ ಹುಡುಗಿ, ಬರ್ಮಿಂಗ್‌ಹ್ಯಾಮ್‌ನಲ್ಲಿ ಎಂಜಿನಿಯರಿಂಗಿನ ಮೇಲಿನ ಓದು ಓದುತ್ತಿದ್ದಳು. ಬಾಡಿಗೆ ಕೋಣೆ, ನಾಯಿ ಬೆಕ್ಕು ಸಾಕುವ ಹಾಗಿಲ್ಲ, ಮಾತಾಡಲು ಒಂದು ಜೀವ ಬೇಕಿತ್ತು. ನಾನು ಅಡುಗೆಮನೆಯಿಂದ ಚಹಾ ತರುವಷ್ಟರಲ್ಲಿ ಮರಿ ಅವಳ ಅಂಗೈಯಲ್ಲಿತ್ತು.

"ನಮ್ಮ ಓಣ್ಯಾಗ ಒಬ್ಬ ತಿಪ್ಪಣ್ಣ ಇದ್ದಾರ್ರೀ ಆಯಿ. ನಮ್ಮ ಅಬ್ಬಾನ ದೋಸ್ತ. ಇಷ್ಟು ದೂರ ಬಂದು ಆ ಹೆಸರು ನೋಡಿದ ಕೂಡ್ಲೆ ಬಸ್ ಹತ್ತಿದೆ."

"ತಂಗೀ, ಅದಕ್ಕ ಆರಾಮಿಲ್ಲವಾ," ಅಂದೆ. ಅಳಿಯ ನನ್ನ ಕಡೆ ನೋಡಿದರು. ನೋಡಲಿ ಅಂತ ಇನ್ನೊಮ್ಮೆ ಅಂದೆ. "ಹುಟ್ಟಾ ರೋಗಿಷ್ಟ ಅದು. ಒಯ್ಯಬ್ಯಾಡ."

ಹುಡುಗಿ ನಕ್ಕಳು. "ಗೊತ್ತಾತು ಬಿಡ್ರಿ ಆಯಿ. ನಮ್ಮ ನಾನಿನೂ ಹಂಗ. ದುಂಡಗಿದ್ದ ಕೂಸಿಗೆ ಸೊರಗೇದ ಅಂತಾಳ, ಚಂದ ಇದ್ರ ಕೋತಿ ಅಂತಾಳ, ದೃಷ್ಟಿ ಆಗಬಾರದು ಅಂತ. ತಿಪ್ಪ ಅಂತ ಹೆಸರಿಟ್ಟವ್ರು ಮತ್ತೇನಂತೀರಿ."

ನಮ್ಮ ಕಡೆಯ ಮುದುಕಿಯರು ಒಳ್ಳೆಯದನ್ನೆಲ್ಲ ಕೆಟ್ಟದ್ದು ಅಂತ ಹೇಳಿ ಹೇಳಿ, ನಿಜವಾಗಿ ಕೆಟ್ಟಿದ್ದನ್ನು ಹೇಳುವ ದಿನ ಬಂದಾಗ ನಂಬುವವರು ಇಲ್ಲದ ಹಾಗೆ ಮಾಡಿಕೊಂಡಿದ್ದೇವೆ. ಇಂಗ್ಲಿಷರ ಹುಡುಗಿಯಾಗಿದ್ದರೆ ನಂಬುತ್ತಿದ್ದಳು. ಇವಳು ನಮ್ಮವಳು, ಎಲ್ಲ ಬಲ್ಲವಳು. ಮರಿಯನ್ನು ಕೋಟಿನ ಒಳಗೆ ಬೆಚ್ಚಗೆ ಇಟ್ಟುಕೊಂಡು ಹೋದಳು. ಬಾಗಿಲು ಹಾಕಿದ ಮೇಲೆ ಅಳಿಯ, "ನೀವು ಹಾಗಂದಿದ್ದಕ್ಕೇ ಅವಳಿಗೆ ನಂಬಿಕೆ ಬಂತು ಅತ್ತೆ," ಅಂದರು. ಹೊಗಳಿದ್ದೇ ಇರಬೇಕು.

ಚಳಿ ಜೋರಾದಾಗ ಮತ್ತೆ ಬಂದಳು. ಕೈಯಲ್ಲಿ ಖಾಲಿ ಐಸ್‌ಕ್ರೀಮಿನ ಡಬ್ಬಿ, ಒಳಗೆ ಹತ್ತಿ, ಹತ್ತಿಯ ಮೇಲೆ ತಿಪ್ಪ. ಸತ್ತ ಮೇಲೆ ತಲೆ ನೆಟ್ಟಗಾಗಿತ್ತು.

"ಇಲಿಮರಿ ಮುಂದ ಹಿಡಿದ್ರ ಬಾಯಿ ಬ್ಯಾರೆ ಕಡೆ ಹೋಗತಿತ್ರೀ. ಗುರಿ ಸಿಗತಿರಲಿಲ್ಲ. ಹಸದ ಸತ್ತಿತು," ಅಂದಳು. ಆಮೇಲೆ, "ನೀವು ಖರೇನ ಹೇಳಿದ್ರಿ. ನಾನ ನಗಾಡಿದೆ," ಅಂದಳು. ಅತ್ತಳು. ಸಮಾಧಾನ ಹೇಳುವುದು ನನಗೆ ಬರುವುದಿಲ್ಲ, ಮೊಸರನ್ನ ಹಾಕಿ ಕೊಟ್ಟೆ, ಉಂಡಳು. ಅಳಿಯ ಬೇರೆ ಮರಿ ಕೊಡುತ್ತೇನೆ ಅಂದರು. ಅವಳು ಬೇಡ ಅಂದಳು. ಹಿತ್ತಲಲ್ಲಿ ನೆಲ ಕಲ್ಲಾಗಿತ್ತು, ಕುದಿಯುವ ನೀರು ಸುರಿದು ತಗ್ಗು ತೋಡಿದೆವು. ಹಾವು ಸತ್ತರೆ ದಾನ, ಸಂಸ್ಕಾರ ಅಂತ ಊರಲ್ಲಿ ಏನೇನೋ ಮಾಡುತ್ತಾರೆ. ಮಗಳು ಟಿವಿಡೇಲಿನ ಬಾಲಾಜಿ ಗುಡಿಯ ಭಟ್ಟರನ್ನು ಕೇಳೋಣ ಅಂದಳು. ಅಮೆರಿಕದ ಹಾವು, ಅದರ ಗೋತ್ರ ಏನಂತ ಹೇಳುತ್ತೀ ಅಂದೆ.

ಊಟದ ಹೊತ್ತಿಗೆ ಅಳಿಯ ಫೋನು ನೋಡುತ್ತ, ತಿಪ್ಪನ ಜೊತೆ ಹುಟ್ಟಿದವನ್ನೆಲ್ಲ ಕೊಳ್ಳಲು ಲೀಡ್ಸಿನಿಂದ ಒಬ್ಬ ಬೆಳಿಗ್ಗೆ ಬರುತ್ತಾನೆ ಅಂದರು. ಅವನೂ ಮರಿ ಮಾಡಿಸುವವನೇ.

"ಅವುಗಳ ಒಳಗೂ ಅದೇ ರೋಗ ಅಡಗಿರಬಹುದಲ್ರೀ?" ಅಂದೆ.

"ಇರಬಹುದು. ಮೇಲೆ ಕಾಣಲ್ವಲ್ಲ ಅತ್ತೆ. ಈ ಸಲ 'ಮೈಸೂರ್ ಸನ್‌ಸೆಟ್' ಅಂತ ಹಾಕಿದೀನಿ."

ಸುಜಾತಾ ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ನಾನು ಬಹುವಚನದಲ್ಲಿ ಬೈಯುವುದಕ್ಕೆ ಶಬ್ದ ಹುಡುಕಿದೆ, ಸಿಗಲಿಲ್ಲ. ಅವಳ ಹಿಂದೆ ಅಡುಗೆಮನೆಗೆ ಹೋಗಿ, ಅಪ್ಪ, ಅಮ್ಮ, ಮರಿ, ರೋಗ, ಇಷ್ಟಕ್ಕೂ ಇಂಗ್ಲಿಷಿನಲ್ಲಿ ಏನಂತಾರೆ ಅಂತ ಕೇಳಿದೆ. ಯಾಕೆ ಅಂತ ಅವಳು ಕೇಳಲಿಲ್ಲ. ಹೇಳಿಕೊಟ್ಟಳು. ಅಡುಗೆಮನೆಯಿಂದ ಹೊರಡುವಾಗ ತಿಪ್ಪೆಗೆ ಏನಂತಾರೆ ಅಂತಲೂ ಕೇಳಿದೆ. ಅದಕ್ಕೆ ಮಾತ್ರ ಸ್ವಲ್ಪ ತಡೆದು ಹೇಳಿದಳು.

ಮಾರನೆಯ ಬೆಳಿಗ್ಗೆ ಅಳಿಯ ಸುಜಾತಾಳನ್ನು ಡ್ಯೂಟಿಗೆ ಬಿಡಲು ಹೋದಾಗ ಲೀಡ್ಸಿನವನು ಬಂದು ಗಂಟೆ ಒತ್ತಿದ. ನಾನು ಬಾಗಿಲು ಅರ್ಧ ತೆರೆದು, "ಮದರ್ ಸಿಕ್. ಫಾದರ್ ಸಿಕ್. ಆಲ್ ಬೇಬಿ ಸಿಕ್. ನೋ ಬೈಯಿಂಗ್," ಅಂದೆ. ಅವನು ಫೋನು ನೋಡಿದ, ನನ್ನನ್ನು ನೋಡಿದ, ನೀವು ಯಾರು ಅಂತ ಕೇಳಿದ. "ತಿಪ್ಪವ್ವ," ಅಂದೆ. ಹೂವು ಅನ್ನಲಿಲ್ಲ. "ಮೀನಿಂಗ್, ರಬ್ಬಿಶ್ ಹೀಪ್," ಅಂದೆ.

ಅವನು "ಲವ್ಲಿ" ಅಂದ.

"ನಾಟ್ ಲವ್ಲಿ," ಅಂದು, ಅವನು ಕಾರು ತಿರುಗಿಸಿಕೊಂಡು ಹೋಗುವವರೆಗೆ ಬಾಗಿಲಿಗೆ ಅಡ್ಡ ನಿಂತೆ.