ತಿರುಗುವ ಕುರ್ಚಿಯ ಮೇಲೆ ಬೈಕ್ ಕಲಿಸಿದ ನಿರ್ದೇಶಕರಿಗೆ

ಜಗತ್ತಿನ ಕಡಿದಾದ ತಿರುವುಗಳನ್ನೆಲ್ಲ ಏಸಿ ಕೋಣೆಯೊಳಗೆ ಕೂತೇ ಜಯಿಸಿದ ಮಾನ್ಯ ನಿರ್ದೇಶಕರೇ,

ಕನ್ನಡಕದ ಅಂಗಡಿಯೊಂದರ ಮಾಲೀಕನೂ, ಇಪ್ಪತ್ತೆರಡು ವರ್ಷಗಳಿಂದ ಹಿಂದಿನ ಬ್ರೇಕೊಂದನ್ನೇ ನಂಬಿ ಬೈಕ್ ಓಡಿಸಿಕೊಂಡು ಬಂದವನೂ, ಈಗ ತಮ್ಮ ಸಂಸ್ಥೆಯ ಕೃಪೆಯಿಂದ 'ಪ್ರವೀಣ ಸವಾರ'ನೂ ಆಗಿರುವ ನನ್ನ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ; ತಾವು ಬೈಕ್ ಹತ್ತುವುದೇ ಇಲ್ಲವೆಂದು ತಮ್ಮ ಸ್ವಾಗತಕಾರಿಣಿ ಹೆಮ್ಮೆಯಿಂದ ತಿಳಿಸಿದ್ದರಿಂದ ಕ್ಷೇಮವಾಗಿರಲೇಬೇಕು.

ಮೊದಲು ನನ್ನ ಅಗತ್ಯವನ್ನು ನಿವೇದಿಸಿಕೊಳ್ಳುತ್ತೇನೆ. ಎರಡು ತಿಂಗಳ ಹಿಂದೆ ಗ್ರಂಥಾಲಯದ ಮುಂದಿನ ತಿರುವಿನಲ್ಲಿ ನಾಯಿಯೊಂದು ಅಡ್ಡ ಬಂತು, ನಾನು ಹಿಂದಿನ ಬ್ರೇಕ್ ತುಳಿದೆ, ಬೈಕ್ ಜಾರಿತು, ನಾಯಿ ಆರಾಮಾಗಿ ರಸ್ತೆ ದಾಟಿತು, ಹಿಂದೆ ಕೂತಿದ್ದ ನನ್ನ ಹೆಂಡತಿಯ ಮೊಣಕೈ ತರಚಿಹೋಯಿತು. ಆಕೆ ಆಸ್ಪತ್ರೆಯ ಪ್ಲಾಸ್ಟರ್ ಕೋಣೆಯಲ್ಲಿ ನರ್ಸ್. ಹದಿನೆಂಟು ವರ್ಷ ನನ್ನ ಬೆನ್ನಿಗೆ ಊರ ಸುದ್ದಿಯನ್ನೆಲ್ಲ ಹೇಳುತ್ತ ಕೆಲಸಕ್ಕೆ ಬರುತ್ತಿದ್ದವಳು, ಮರುದಿನ ಬೆಳಿಗ್ಗೆ "ನೀವು ಬ್ರೇಕ್ ಹಿಡಿಯೋದು ಕಲಿಯೋವರೆಗೂ ನಾನು ಬಸ್ಸಲ್ಲೇ ಹೋಗ್ತೀನಿ, ನಾನು ಪ್ಲಾಸ್ಟರ್ ಹಾಕೋಳು, ಹಾಕಿಸ್ಕೊಳ್ಳೋಳಲ್ಲ" ಎಂದು ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟಳು. ಹಿಂದಿನ ಸೀಟು ಖಾಲಿಯಾದ ಬೈಕು ಎಷ್ಟು ಸದ್ದು ಮಾಡಿದರೂ ಮೂಕವಾಗಿಯೇ ಇರುತ್ತದೆ, ಸ್ವಾಮಿ. ಆ ಸೀಟು ಮತ್ತೆ ಮಾತಾಡಲಿ ಎಂದೇ ನಾನು ಒಳ್ಳೆಯ ತರಬೇತಿ ಹುಡುಕಲು ಹೊರಟದ್ದು.

ಆರಿಸಲು ಇದ್ದದ್ದು ಎರಡೇ. ಒಂದು, ಬಸ್ ಡಿಪೋದ ಹಿಂದಿನ ಖಾಲಿ ಮೈದಾನದಲ್ಲಿ ನಿವೃತ್ತ ಬಸ್ ಚಾಲಕಿಯೊಬ್ಬರು ನಡೆಸುವ ತರಗತಿ. ಕೊರಳಲ್ಲಿ ಸದಾ ಸೀಟಿ ನೇತಾಡುವುದರಿಂದ ಅವರು ಎಲ್ಲರಿಗೂ ಸೀಟಿ ಅಕ್ಕ. ಪಠ್ಯಕ್ರಮವೇನೆಂದು ನಾನು ಫೋನಿನಲ್ಲಿ ಗಂಭೀರವಾಗಿ ವಿಚಾರಿಸಿದರೆ ಆಕೆ, "ಏನ್ರೀ ಪಠ್ಯಕ್ರಮ? ನಿಮ್ಮ ಬೈಕ್ ತಗೊಂಡು ಬೆಳಿಗ್ಗೆ ಬನ್ನಿ. ಓಡ್ಸಿ, ನಿಲ್ಸಿ, ಓಡ್ಸಿ, ನಿಲ್ಸಿ. ಬಿದ್ರೆ ಎದ್ದೇಳಿ" ಎಂದು ಫೋನಿಟ್ಟರು. ಇಷ್ಟು ಒರಟಾಗಿ ಸತ್ಯ ನುಡಿಯುವವರಿಂದ ಪದವೀಧರನೊಬ್ಬ ಕಲಿಯುವುದುಂಟೇ! ಇನ್ನೊಂದು, ತಾವು. ತಮ್ಮ ಮಾಹಿತಿ ಪುಸ್ತಿಕೆಗೆ ಹದಿನಾರು ಪುಟ, ಹಿಡಿದರೆ ಕೈಯಿಂದ ಜಾರುವಷ್ಟು ನುಣುಪು, ಮುಖಪುಟದಲ್ಲಿ ಮೊಣಕಾಲು ನೆಲಕ್ಕೆ ತಾಗುವಂತೆ ವಾಲಿದ ಸವಾರ. ನಾನು ತಮ್ಮ ಕಚೇರಿಗೆ ಬಂದು ಜಾಕೆಟ್ ಯಾವ ಬಣ್ಣದ್ದೆಂದು ಕೇಳಿದೆ, ಪ್ರಮಾಣಪತ್ರಕ್ಕೆ ಲ್ಯಾಮಿನೇಷನ್ ಉಂಟೇ ಎಂದು ಎರಡು ಸಲ ಕೇಳಿದೆ, ಬೈಕಿನ ಮೇಲೆ ಎಷ್ಟು ಹೊತ್ತು ಕೂರಿಸುತ್ತೀರಿ ಎಂದು ಮಾತ್ರ ಕೇಳಲಿಲ್ಲ. ಹದಿನಾರನೆಯ ಪುಟದ ಬುಡದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, 'ವಾಹನ ಚಾಲನೆಯು ಈ ತರಬೇತಿಯ ಕಡ್ಡಾಯ ಭಾಗವಲ್ಲ' ಎಂದು ತಾವು ಪ್ರಾಮಾಣಿಕವಾಗಿ ಅಚ್ಚು ಹಾಕಿಸಿದ್ದೀರಿ. ಊರಿನವರಿಗೆಲ್ಲ ಗೋಡೆಯ ಮೇಲಿನ ಅಕ್ಷರಪಟದ ಕೊನೆಯ ಸಾಲು ಓದಿಸಿ ಹೊಟ್ಟೆ ಹೊರೆಯುವ ನಾನೇ ಕೊನೆಯ ಸಾಲು ಓದದೆ ಸಹಿ ಹಾಕಿದೆ. ಆ ತಪ್ಪು ನನ್ನದು. ಉಳಿದದ್ದನ್ನೆಲ್ಲ ತಮಗೆ ಅರ್ಪಿಸುತ್ತೇನೆ.

ಅರ್ಜಿಯಲ್ಲಿ 'ಅನುಭವ: ಇಪ್ಪತ್ತೆರಡು ವರ್ಷ' ಎಂದು ಬರೆದ ಮಾತ್ರಕ್ಕೆ, ಆ ಅಷ್ಟೂ ವರ್ಷ ತಪ್ಪನ್ನೇ ಅಭ್ಯಾಸ ಮಾಡಿರಬಹುದೆಂಬ ಅನುಮಾನಕ್ಕೆಡೆಗೊಡದೆ, ನನ್ನನ್ನು ನೇರವಾಗಿ ಪ್ರವೀಣರ ತರಗತಿಗೆ ಕಳಿಸಿದ ತಮ್ಮ ದೊಡ್ಡ ಮನಸ್ಸನ್ನು ಹೇಗೆ ಹೊಗಳಲಿ? ಅಲ್ಲಿ ನಾವು ಒಂಬತ್ತು ಮಂದಿ, ಒಂಬತ್ತು ತಿರುಗುವ ಕುರ್ಚಿಗಳು, ಎದುರಿಗೆ ಪರದೆ. ಚಾಂಪಿಯನ್ ಎಂದು ತಾವು ಕರೆಯುವ ತರಬೇತುದಾರರು "ಎಡಕ್ಕೆ!" ಎಂದಾಗ ಎಡಕ್ಕೆ ವಾಲಿದೆವು, "ಬಲಕ್ಕೆ!" ಎಂದಾಗ ಬಲಕ್ಕೆ ತಿರುಗಿದೆವು, ಮೂರನೆಯ ದಿನ "ಬ್ರೇಕ್!" ಎಂದು ಅವರು ಗುಡುಗಿದಾಗಲೆಲ್ಲ ನಾವೂ "ಬ್ರೇಕ್!" ಎಂದು ಗುಡುಗಿ ಎರಡೂ ಮುಷ್ಟಿ ಬಿಗಿದೆವು. ಚಕ್ರ ಜಾರಿ ಕುರ್ಚಿ ಸಮೇತ ಮಗುಚಿದ ಬ್ಯಾಂಕ್ ಗುಮಾಸ್ತರಿಗೆ ಉನ್ನತ ಶ್ರೇಣಿ ಸಿಕ್ಕಿತು. ಗಾಜಿನ ಗೋಡೆಯಾಚೆ ಮೂರು ಬೈಕುಗಳು ಹೊದಿಕೆ ಹೊದ್ದು ಮಲಗಿದ್ದವು. ಹತ್ತಿರ ಹೋದರೆ ಚಾಂಪಿಯನ್, "ಮುಟ್ಬೇಡಿ ಸಾರ್, ಪಾಲಿಶ್ ಆಗಿದೆ" ಎಂದು ಪ್ರಾಣ ಕೊಟ್ಟು ಕಾದರು.

ಪ್ರಮಾಣಪತ್ರ ಹಿಡಿದು ಮನೆಗೆ ಬಂದೆ. ಹೆಂಡತಿ ಅದನ್ನು ಓದಲಿಲ್ಲ; ಬಚ್ಚಲ ನೀಲಿ ಬಕೆಟ್ ತಂದು ಮನೆಯೆದುರಿನ ಓಣಿಯ ನಡುವೆ ಇಟ್ಟು, "ಇದನ್ನ ನಾನು ಅಂದ್ಕೊಳ್ಳಿ, ಮುಟ್ಟೋಕೆ ಮುಂಚೆ ನಿಲ್ಲಿಸಿ" ಎಂದಳು. ನಾನು ಬಂದೆ. ತಮ್ಮ ಪದ್ಧತಿಯಂತೆ ಓಣಿಯೆಲ್ಲ ಕೇಳುವ ಹಾಗೆ "ಬ್ರೇಕ್!" ಎಂದು ಕೂಗಿದೆ, ಎರಡೂ ಮುಷ್ಟಿ ಬಿಗಿದೆ. ಕುರ್ಚಿಗೆ ಇಲ್ಲದ ಆಕ್ಸಿಲರೇಟರ್ ಬೈಕಿನ ಬಲ ಹಿಡಿಕೆಯಲ್ಲಿ ಇರುತ್ತದೆ, ಮುಷ್ಟಿ ಬಿಗಿದರೆ ಅದೂ ತಿರುಗುತ್ತದೆ ಎಂಬುದನ್ನು ತಮ್ಮ ಪರದೆ ಹೇಳಿರಲಿಲ್ಲ. ಬಕೆಟ್ ಎರಡು ಹೋಳಾಯಿತು. ಆಕೆ ಬಯ್ಯಲಿಲ್ಲ, ಹೋಳುಗಳನ್ನು ಎತ್ತಿಕೊಂಡು, "ನಾನು ಅಂದ್ಕೊಳ್ಳಿ ಅಂದಿದ್ದೆ" ಎಂದಷ್ಟೇ ಹೇಳಿ ಒಳಗೆ ಹೋದಳು. ಬಯ್ದಿದ್ದರೆ ಇಷ್ಟು ಉದ್ದದ ಪತ್ರ ಬರೆಯುತ್ತಿರಲಿಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ವಿನಮ್ರ ಬಿನ್ನಹಗಳಿವೆ. ಊರಿನ ರಸ್ತೆಗಳನ್ನೆಲ್ಲ ಅಗೆಸಿ ತಮ್ಮ ಕೋಣೆಯ ನೆಲಹಾಸನ್ನು ಹಾಸಿಸಬೇಕು, ಅಡ್ಡ ಬರುವ ನಾಯಿಗಳು ಚಾಂಪಿಯನ್ನರ ಕಂಠದಲ್ಲೇ "ಬ್ರೇಕ್!" ಎಂದು ಮುನ್ಸೂಚನೆ ಕೊಟ್ಟು ಬರುವಂತೆ ಅವುಗಳಿಗೊಂದು ಪ್ರತ್ಯೇಕ ತರಗತಿ ನಡೆಸಬೇಕು, ಲಾರಿಗಳು ಎದುರಾಗುವ ಮುನ್ನ ಪರದೆಯ ಮೇಲೆ ತೋರಿ, ತಾವು ಗುಂಡಿ ಒತ್ತಿದೊಡನೆ ಮಾಯವಾಗಬೇಕು. ಇಷ್ಟಾದರೆ ತಮ್ಮ ವಿದ್ಯಾರ್ಥಿಗಳಂಥ ಸವಾರರು ಲೋಕದಲ್ಲಿ ಇನ್ನೊಬ್ಬರಿರುವುದಿಲ್ಲ.

ಇನ್ನು ನನ್ನ ಸೀಟಿನ ಸಮಾಚಾರ. ಬಕೆಟ್ ಒಡೆದ ವಾರದಿಂದ ನನ್ನ ಹೆಂಡತಿ ರಜೆಯ ದಿನಗಳಲ್ಲಿ ಬೈಕ್ ಕೀ ಕೇಳಿ ಒಯ್ಯತೊಡಗಿದಳು. ಮಾರಲು ಗಿರಾಕಿ ಹುಡುಕುತ್ತಿದ್ದಾಳೆಂದುಕೊಂಡು ನಾನೂ ಕೇಳಿದಾಗಲೆಲ್ಲ ಕೊಡುತ್ತಿದ್ದೆ. ನಾಲ್ಕನೆಯ ವಾರ, ಎರಡೂ ಮೊಣಕಾಲಿಗೆ ಮಣ್ಣು ಮೆತ್ತಿಕೊಂಡು, ಬೈಕ್ ಓಡಿಸಿಕೊಂಡು ನೇರ ನನ್ನ ಅಂಗಡಿಗೆ ಬಂದವಳು ನನ್ನ ಕಾಲ ಹೆಬ್ಬೆರಳಿಗೆ ಒಂದು ಗೇಣು ಇರುವಾಗ ಅಲುಗಾಡದಂತೆ ನಿಲ್ಲಿಸಿದಳು. "ಹತ್ತಿ. ನಿಮ್ಮ ಹತ್ರ ಸರ್ಟಿಫಿಕೇಟ್ ಇದೆ, ನನ್ನ ಹತ್ರ ಬ್ರೇಕ್ ಇದೆ" ಎಂದಳು. ಕೊರಳಲ್ಲಿ ಸೀಟಿ ಅಕ್ಕನ ಹಳೆಯದೊಂದು ಸೀಟಿಯಿತ್ತು. ಈಗ ದಿನವೂ ಆಕೆಯ ಬೆನ್ನಿಗೆ ಊರ ಸುದ್ದಿ ಹೇಳುತ್ತ ಹೋಗುವವನು ನಾನು. ಬರುವ ಭಾನುವಾರದಿಂದ ಮೈದಾನದಲ್ಲಿ ನನಗೂ ಆರಂಭಿಕರ ಸಾಲಿನಲ್ಲಿ ಜಾಗ ಹಿಡಿದಿಟ್ಟಿದ್ದಾಳೆ.

ಇಷ್ಟಾದ ಮೇಲೂ ಮರ್ಯಾದೆಗಾಗಿ ತಮ್ಮ ವಿಶ್ವಾಸಿಯೆಂದೇ ಸಹಿ ಹಾಕುತ್ತಿರುವ,
ಪ್ರವೀಣ ಸವಾರ (ಹಿಂದಿನ ಸೀಟು)

ತಾ.ಕ.: ಪ್ರಮಾಣಪತ್ರವನ್ನು ಹಿಂದಿರುಗಿಸಬೇಕೆಂದಿದ್ದೆ, ಸಾಧ್ಯವಾಗುತ್ತಿಲ್ಲ. ಮೈದಾನದ ಮಣ್ಣು ಮೆತ್ತಗಿದ್ದು ಬೈಕಿನ ಸ್ಟ್ಯಾಂಡ್ ಹೂತುಹೋಗುತ್ತದೆಂದು ಹೆಂಡತಿ ಅದನ್ನು ನಾಲ್ಕಾಗಿ ಮಡಚಿ ಸ್ಟ್ಯಾಂಡಿನ ಅಡಿಗೆ ಕೊಡುತ್ತಾಳೆ. ಲ್ಯಾಮಿನೇಷನ್ ಗಟ್ಟಿಯಾಗಿದೆ. ತಮ್ಮ ಸಂಸ್ಥೆಯ ದೆಸೆಯಿಂದ ಒಂದು ಬೈಕು ಬೀಳದೆ ನಿಂತದ್ದು ಇದೇ ಮೊದಲಿರಬೇಕು. ಮುಂದಿನ ಮಾಹಿತಿ ಪುಸ್ತಿಕೆಯಲ್ಲಿ ದಪ್ಪಕ್ಷರದಲ್ಲಿ ಹಾಕಿಸಿಕೊಳ್ಳಲು ನನ್ನ ಅಭ್ಯಂತರವಿಲ್ಲ.